ಒಂದು ಹೆಸರಿನ ಕತೆ: ಸ್ಕಿಜೋಫ್ರೇನಿಯಾ

ವಿಮರ್ಶೆಯ ಬರಹಗಳಲ್ಲಿ, ವಿಚಾರ ಸಂಕಿರಣಗಳಲ್ಲಿ, ಟಿವಿ ಚರ್ಚೆಗಳಲ್ಲಿ ‘ಸ್ಕಿಜೋಫ್ರೇನಿಯಾ’ ಎಂಬ ಪದ ಆಗಾಗ ಕಿವಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವವರ ಮನಸ್ಸು ಸ್ಕಿಜೋಫ್ರೇನಿಕ್ ಎನ್ನುತ್ತಾರೆ. ವೇದಿಕೆಯ ಮೇಲೆ ಜಾತಿಯನ್ನು ಬೈದು ಮನೆಗೆ ಬಂದು ಜಾತಕ ಕೂಡಿಸುವ ಮಧ್ಯಮವರ್ಗಕ್ಕೆ ಸ್ಕಿಜೋಫ್ರೇನಿಯಾ ಎನ್ನುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಮಾತಾಡುವ ಸರ್ಕಾರಕ್ಕೂ ಅದೇ. ಈ ಎಲ್ಲ ಕಡೆಯಲ್ಲೂ ಹೇಳುವವರ ಮನಸ್ಸಿನಲ್ಲಿರುವುದು ಒಂದೇ ಚಿತ್ರ: ಒಬ್ಬರೊಳಗೆ ಇಬ್ಬರು. ಇದನ್ನು ಹೇಳಲು ಕನ್ನಡದಲ್ಲಿ ಮಾತಿಗೇನೂ ಬರವಿಲ್ಲ. ಇಬ್ಬಂದಿತನ ಇದೆ, ದ್ವಂದ್ವ ಇದೆ, ಸೋಗಲಾಡಿತನ ಇದೆ. ಆದರೂ ವೈದ್ಯರ ಚೀಟಿಯಿಂದ ಬಂದ ಪದಕ್ಕೆ ಇರುವ ತೂಕ ಇವಕ್ಕೆ ಇಲ್ಲವೆಂದು ನಮಗೆ ತೋರುತ್ತದೆ.

ತೊಂದರೆ ಏನೆಂದರೆ, ಸ್ಕಿಜೋಫ್ರೇನಿಯಾ ಇರುವವರೊಳಗೆ ಇಬ್ಬರು ಇರುವುದಿಲ್ಲ. ಯಾರೂ ಇಲ್ಲದ ಕಡೆ ದನಿ ಕೇಳಿಸುವುದು, ತನ್ನ ಯೋಚನೆ ತನ್ನದಲ್ಲ, ಹೊರಗಿನಿಂದ ಯಾರೋ ತಂದು ತುರುಕಿದ್ದು ಎನ್ನಿಸುವುದು, ನೆರೆಹೊರೆಯವರೆಲ್ಲ ಸೇರಿ ಸಂಚು ಹೂಡಿದ್ದಾರೆಂದು ಬಲವಾಗಿ ನಂಬುವುದು, ಮಾತಿನ ಎಳೆ ಕೈತಪ್ಪುವುದು, ಮೆಲ್ಲಗೆ ಜನರಿಂದ, ಕೆಲಸದಿಂದ, ಸ್ನಾನ ಊಟದಿಂದಲೂ ದೂರ ಸರಿಯುವುದು ಇದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಎರಡು ಕೋಟಿಗೂ ಹೆಚ್ಚು ಜನ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದಾರೆ. ಒಬ್ಬರೊಳಗೆ ಬೇರೆ ಬೇರೆ ವ್ಯಕ್ತಿತ್ವಗಳು ಕಾಣಿಸಿಕೊಳ್ಳುವುದು ಇನ್ನೊಂದೇ ತೊಂದರೆ. ಅದು ಅಪರೂಪ, ಅದಕ್ಕೆ ಬೇರೆ ಹೆಸರೇ ಇದೆ. ಹಾಗಿದ್ದರೆ ಈ ‘ಇಬ್ಬರು’ ಎಲ್ಲಿಂದ ಬಂದರು? ಹೆಸರಿನೊಳಗಿಂದಲೇ ಬಂದರು. ಆ ಹೆಸರಿನ ಕತೆ ಸ್ವಲ್ಪ ಉದ್ದದ್ದು, ಮತ್ತು ಅದು ಶುರುವಾಗುವುದು ಒಂದು ಒಳ್ಳೆಯ ಉದ್ದೇಶದಿಂದ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಎಮಿಲ್ ಕ್ರೆಪಲಿನ್ ಮಾನಸಿಕ ಕಾಯಿಲೆಗಳನ್ನು ವರ್ಗೀಕರಿಸುವ ದೊಡ್ಡ ಕೆಲಸಕ್ಕೆ ಕೈಹಾಕಿದರು. ರೋಗಿ ಇವತ್ತು ಹೇಗಿದ್ದಾರೆ ಎಂಬುದಕ್ಕಿಂತ ವರ್ಷಗಳ ಮೇಲೆ ಏನಾದರು ಎಂಬುದನ್ನು ನೋಡಬೇಕು ಎನ್ನುವುದು ಅವರ ವಿಧಾನ. 1899ರಲ್ಲಿ ಬಂದ ತಮ್ಮ ಪಠ್ಯಪುಸ್ತಕದ ಆರನೇ ಆವೃತ್ತಿಯಲ್ಲಿ ಅವರು ಎರಡು ದೊಡ್ಡ ಗುಂಪುಗಳನ್ನು ಬೇರ್ಪಡಿಸಿದರು. ಉನ್ಮಾದ ಮತ್ತು ಖಿನ್ನತೆಗಳ ನಡುವೆ ತೂಗಾಡಿ, ನಡುನಡುವೆ ಸರಿಹೋಗುವ ಕಾಯಿಲೆ ಒಂದು ಕಡೆ. ಹರೆಯದಲ್ಲೇ ಶುರುವಾಗಿ ಬುದ್ಧಿಯನ್ನು ಕ್ರಮೇಣ ಸವೆಸುವ ಕಾಯಿಲೆ ಇನ್ನೊಂದು ಕಡೆ. ಎರಡನೆಯದನ್ನು ಅವರು ಕರೆದದ್ದು ‘ಡಿಮೆನ್ಷಿಯಾ ಪ್ರೀಕಾಕ್ಸ್’ ಎಂದು. ಅಂದರೆ ಅಕಾಲದಲ್ಲಿ ಬಂದ ಬುದ್ಧಿನಾಶ. ಈ ಹೆಸರಿನಲ್ಲಿ ರೋಗವೂ ಇದೆ, ತೀರ್ಪೂ ಇದೆ. ಇಪ್ಪತ್ತರ ಹುಡುಗನಿಗೆ ಈ ಹೆಸರು ಹಚ್ಚಿದರೆ ಮುಂದಿನ ನಲವತ್ತು ವರ್ಷದ ಭವಿಷ್ಯವನ್ನೂ ಅವತ್ತೇ ಬರೆದಂತೆ.

ಈ ತೀರ್ಪನ್ನು ಒಪ್ಪದವರು ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್. ಜ್ಯೂರಿಕ್ ಬಳಿಯ ಹಳ್ಳಿಯೊಂದರ ರೈತ ಮನೆತನದಲ್ಲಿ ಹುಟ್ಟಿದವರು. ಅವರ ಸೋದರಿಗೇ ತೀವ್ರವಾದ ಮಾನಸಿಕ ಕಾಯಿಲೆ ಇತ್ತು. ಜ್ಯೂರಿಕ್‌ನ ಬುರ್ಗ್‌ಹೋಲ್ಟ್ಸ್‌ಲಿ ಆಸ್ಪತ್ರೆಯ ಮೊದಲಿನ ನಿರ್ದೇಶಕರು ಜರ್ಮನಿಯಿಂದ ಬಂದವರು. ಅವರದ್ದು ಶಿಷ್ಟ ಜರ್ಮನ್, ರೋಗಿಗಳದ್ದು ಸ್ಥಳೀಯ ಆಡುನುಡಿ. ರೋಗಿ ಏನು ಹೇಳುತ್ತಿದ್ದಾನೆಂಬುದೇ ವೈದ್ಯರಿಗೆ ತಿಳಿಯುತ್ತಿರಲಿಲ್ಲವೆಂದು ಊರವರು ಗೊಣಗುತ್ತಿದ್ದರು. ಬ್ಲಾಯ್ಲರ್ ಮೊದಲು ರೈನ್ ನದಿಯ ನಡುಗಡ್ಡೆಯ ಹಳೆಯ ಮಠವೊಂದರಲ್ಲಿದ್ದ ರೈನಾವ್ ಆಸ್ಪತ್ರೆಗೆ ಹೋದರು. 1886ರಿಂದ 1898ರವರೆಗೆ ರೋಗಿಗಳ ನಡುವೆಯೇ ವಾಸಿಸಿದರು. ಅವರದೇ ನುಡಿಯಲ್ಲಿ ಮಾತಾಡಿಸಿದರು, ಅವರೊಂದಿಗೆ ಕೆಲಸ ಮಾಡಿದರು, ಅವರು ಹೇಳಿದ್ದನ್ನು ಬರೆದಿಟ್ಟುಕೊಂಡರು. ಆಮೇಲೆ ಬುರ್ಗ್‌ಹೋಲ್ಟ್ಸ್‌ಲಿಯ ನಿರ್ದೇಶಕರಾದರು. ಬೇರೆಯವರಿಗೆ ಬರಿಯ ಬಡಬಡಿಕೆ ಎಂದು ಕೇಳಿಸಿದ ಮಾತಿನಲ್ಲಿ ಅವರಿಗೆ ಒಂದು ಮನುಷ್ಯದನಿ ಕೇಳಿಸಿತು. ಆ ದನಿ ಹರಿದಿತ್ತು, ಆದರೆ ಬತ್ತಿರಲಿಲ್ಲ.

1908ರ ಏಪ್ರಿಲ್ 24ರಂದು ಬರ್ಲಿನ್‌ನಲ್ಲಿ ನಡೆದ ಜರ್ಮನ್ ಮನೋವೈದ್ಯರ ಸಭೆಯಲ್ಲಿ ಬ್ಲಾಯ್ಲರ್ ಹೊಸ ಹೆಸರೊಂದನ್ನು ಮುಂದಿಟ್ಟರು. ಗ್ರೀಕಿನ ‘ಸ್ಕಿಜೈನ್’ ಎಂದರೆ ಸೀಳುವುದು. ‘ಫ್ರೆನ್’ ಎಂದರೆ ಮನಸ್ಸು. ‘ಫ್ರೆನ್’ನ ಹಳೆಯ ಅರ್ಥ ಎದೆ ಮತ್ತು ಹೊಟ್ಟೆಗಳ ನಡುವಿನ ವಪೆ. ನಾವು ‘ಕರುಳು ಚುರುಕ್ ಎಂದಿತು’ ಎನ್ನುವಾಗ ಭಾವನೆಯನ್ನು ಎಲ್ಲಿ ಇಟ್ಟಿರುತ್ತೇವೋ, ಗ್ರೀಕರೂ ಮನಸ್ಸನ್ನು ಸುಮಾರಾಗಿ ಅಲ್ಲೇ ಇಟ್ಟಿದ್ದರು. 1911ರಲ್ಲಿ ಬಂದ ಅವರ ದೊಡ್ಡ ಗ್ರಂಥದ ಶೀರ್ಷಿಕೆಯಲ್ಲಿ ಈ ಪದ ಬಹುವಚನದಲ್ಲಿದೆ: ‘ಸ್ಕಿಜೋಫ್ರೇನಿಯಾಗಳ ಗುಂಪು’. ಇದು ಒಂದೇ ರೋಗವಲ್ಲ, ಒಂದಕ್ಕೊಂದು ಹೋಲುವ ಹಲವು ರೋಗಗಳ ಕೂಟ ಎನ್ನುವುದು ಅವರ ಅಭಿಪ್ರಾಯವಾಗಿತ್ತು.

ಹೆಸರು ಬದಲಿಸಲು ಅವರು ಕೊಟ್ಟ ಕಾರಣಗಳು ಸರಳ. ಈ ಕಾಯಿಲೆ ಎಲ್ಲರಲ್ಲೂ ಬುದ್ಧಿನಾಶದಲ್ಲಿ ಕೊನೆಯಾಗುವುದಿಲ್ಲ, ಆದ್ದರಿಂದ ‘ಡಿಮೆನ್ಷಿಯಾ’ ತಪ್ಪು. ಎಲ್ಲರಿಗೂ ಹರೆಯದಲ್ಲೇ ಬರುವುದಿಲ್ಲ, ಆದ್ದರಿಂದ ‘ಪ್ರೀಕಾಕ್ಸ್’ ಕೂಡ ತಪ್ಪು. ಇನ್ನೊಂದು ಕಾರಣ ಪೂರಾ ವ್ಯಾಕರಣದ್ದು: ಹಳೆಯ ಹೆಸರಿನಿಂದ ವಿಶೇಷಣ ಕಟ್ಟಲು ಬರುವುದಿಲ್ಲ, ವೈದ್ಯರು ದಿನನಿತ್ಯ ಬರೆಯುವಾಗ ಅದು ಬೇಕಾಗುತ್ತದೆ. ‘ಸ್ಕಿಜೋಫ್ರೇನಿಕ್’ ಎಂಬ ವಿಶೇಷಣ ಹಾಗೆ ಹುಟ್ಟಿತು. ಮುಂದೆ ಅದೇ ವಿಶೇಷಣ ಆಸ್ಪತ್ರೆಯ ಗೇಟು ದಾಟಿ ಸರ್ಕಾರಕ್ಕೂ ಸಂಸ್ಕೃತಿಗೂ ಅಂಟಿಕೊಳ್ಳುತ್ತದೆಂದು ಅವರು ಎಣಿಸಿರಲಾರರು. ‘ಆಟಿಸಂ’, ‘ಆಂಬಿವೇಲೆನ್ಸ್’ ಎಂಬ ಪದಗಳನ್ನು ಟಂಕಿಸಿದವರೂ ಇವರೇ. ಎರಡನೆಯದು, ಒಂದರ ಬಗ್ಗೆಯೇ ಪ್ರೀತಿ ಮತ್ತು ದ್ವೇಷ ಒಟ್ಟಿಗೆ ಇರುವ ಸ್ಥಿತಿ, ಈಗ ಸಾಹಿತ್ಯ ವಿಮರ್ಶೆಯದೇ ಸೊತ್ತಾಗಿದೆ.

ಬ್ಲಾಯ್ಲರ್ ‘ಸೀಳು’ ಎಂದದ್ದು ಏನನ್ನು? ಯೋಚನೆ, ಭಾವನೆ, ಇಚ್ಛೆಗಳನ್ನು ಒಟ್ಟಿಗೆ ಹಿಡಿದಿಡುವ ಸಂಬಂಧ ಸಡಿಲುವುದನ್ನು. ಮಣಿಸರದ ದಾರ ಕಿತ್ತರೆ ಮಣಿಗಳು ಎರಡು ಸರಗಳಾಗುವುದಿಲ್ಲ, ಚೆಲ್ಲಾಪಿಲ್ಲಿಯಾಗುತ್ತವೆ. ತಾಯಿ ಸತ್ತ ಸುದ್ದಿ ಹೇಳುತ್ತ ಒಬ್ಬಾತ ನಗಬಹುದು. ಒಂದು ಮಾತಿನಿಂದ ಇನ್ನೊಂದಕ್ಕೆ ಹಾರುವಾಗ ನಡುವಿನ ಮೆಟ್ಟಿಲು ಕೇಳುವವರಿಗೆ ಕಾಣದಿರಬಹುದು. ಅವರು ಹೇಳಹೊರಟದ್ದು ಇಷ್ಟು. ಆದರೆ ‘ಸೀಳು’ ಎಂದಾಕ್ಷಣ ಜನರ ಕಣ್ಣ ಮುಂದೆ ಬರುವುದು ಕಟ್ಟಿಗೆಯ ಎರಡು ಹೋಳು. 1886ರಲ್ಲಿ ಪ್ರಕಟವಾದ ಸ್ಟೀವನ್‌ಸನ್‌ನ ಜೆಕಿಲ್ ಮತ್ತು ಹೈಡ್ ಕತೆ ಅಷ್ಟರಲ್ಲಾಗಲೇ ಓದುಗರ ತಲೆಯಲ್ಲಿ ಕೂತಿತ್ತು. ಹೊಸ ಪದಕ್ಕೆ ಹಳೆಯ ಕತೆ ತಳುಕು ಹಾಕಿಕೊಂಡಿತು. 1960ರಲ್ಲಿ ಬಂದ ಹಿಚ್‌ಕಾಕ್‌ನ ‘ಸೈಕೋ’ದಂಥ ಸಿನಿಮಾಗಳಾದ ಮೇಲೆ ಮಾನಸಿಕ ಕಾಯಿಲೆ ಎಂದರೆ ಒಳಗೊಬ್ಬ ಕೊಲೆಗಾರ ಅಡಗಿದ್ದಾನೆ ಎಂಬ ಭಯವೂ ಸೇರಿಕೊಂಡಿತು.

ತಪ್ಪು ತಿಳಿವಳಿಕೆ ಇಷ್ಟಕ್ಕೇ ನಿಂತಿದ್ದರೆ ನಿಘಂಟು ತಿದ್ದಿ ಮುಗಿಸಬಹುದಿತ್ತು. ಆದರೆ ಈ ಹೆಸರು ಅಧಿಕಾರದ ಕೈಗೂ ಸಿಕ್ಕಿತು. 1933ರ ಜುಲೈ 14ರಂದು ನಾಜಿ ಸರ್ಕಾರ ತಂದ ಸಂತಾನಹರಣ ಕಾನೂನಿನಲ್ಲಿ ‘ಅನುವಂಶೀಯ’ ಎನ್ನಲಾದ ಕಾಯಿಲೆಗಳ ಪಟ್ಟಿ ಇತ್ತು. ಅದರಲ್ಲಿ ಎರಡನೆಯ ಹೆಸರು ಸ್ಕಿಜೋಫ್ರೇನಿಯಾ. ಆ ಕಾನೂನಿನಡಿ ಸುಮಾರು 4 ಲಕ್ಷ ಜನರಿಗೆ ಬಲವಂತದ ಶಸ್ತ್ರಚಿಕಿತ್ಸೆ ನಡೆಯಿತು. 1940 ಮತ್ತು 1941ರಲ್ಲಿ ‘ಟಿ4’ ಎಂಬ ಕಾರ್ಯಾಚರಣೆಯಲ್ಲಿ 70 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಅನಿಲ ಕೋಣೆಗಳಲ್ಲಿ ಕೊಂದರು. ಯಾರನ್ನು ಕಳಿಸಬೇಕೆಂದು ತೀರ್ಮಾನಿಸಲು ಆಸ್ಪತ್ರೆಗಳಿಗೆ ಹಂಚಿದ ನಮೂನೆಗಳಲ್ಲೂ ಈ ಪದ ಅಚ್ಚಾಗಿತ್ತು. ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು: ಇಂಥ ರೋಗಿಗಳಿಗೆ ಮಕ್ಕಳಾಗದಂತೆ ಮಾಡುವ ಶಸ್ತ್ರಚಿಕಿತ್ಸೆಯನ್ನು ಬಹಳ ಮೊದಲೇ ಬೆಂಬಲಿಸಿದವರಲ್ಲಿ ಬ್ಲಾಯ್ಲರ್ ಕೂಡ ಒಬ್ಬರು. ರೋಗಿಯ ನುಡಿಯನ್ನು ಕಲಿತವರೂ ತಮ್ಮ ಕಾಲದ ಕುರುಡಿನಿಂದ ಪಾರಾಗಿರಲಿಲ್ಲ.

ಸೋವಿಯತ್ ಒಕ್ಕೂಟದಲ್ಲಿ ಪದಕ್ಕೆ ಇನ್ನೊಂದು ಬಾಲ ಸೇರಿತು: ‘ಜಡ ಸ್ಕಿಜೋಫ್ರೇನಿಯಾ’. ಮಾಸ್ಕೋದ ಮನೋವೈದ್ಯ ಆಂದ್ರೇ ಸ್ನೆಜ್ನೆವ್‌ಸ್ಕಿ ಅವರ ಪಂಥ ರೂಪಿಸಿದ ಈ ವರ್ಗದಲ್ಲಿ ದನಿ ಕೇಳಿಸಬೇಕಾಗಿಲ್ಲ, ಭ್ರಮೆ ಕಾಣಿಸಬೇಕಾಗಿಲ್ಲ. ರೋಗ ಮೆಲ್ಲಗೆ, ಹೊರಗೆ ತೋರದಂತೆ ಹರಿಯುತ್ತದೆ. ಸಮಾಜವನ್ನು ತಿದ್ದಬೇಕೆಂಬ ಹಟವೂ ಅದರ ಲಕ್ಷಣವಾಗಬಹುದು. ನತಾಲಿಯಾ ಗೊರ್ಬನೇವ್‌ಸ್ಕಯಾ ಎಂಬ ಕವಿ 1968ರ ಆಗಸ್ಟ್ 25ರಂದು, ಚೆಕೊಸ್ಲೊವಾಕಿಯಾದ ಮೇಲಿನ ದಾಳಿಯನ್ನು ವಿರೋಧಿಸಿ ಮಾಸ್ಕೋದ ಕೆಂಪು ಚೌಕದಲ್ಲಿ ಕೂತ ಬೆರಳೆಣಿಕೆಯ ಜನರಲ್ಲಿ ಒಬ್ಬರು. ಹಸುಗೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡೇ ಹೋಗಿದ್ದರು. ಮುಂದಿನ ವರ್ಷ ಅವರನ್ನು ಬಂಧಿಸಿ, ಇದೇ ಹೆಸರು ಹಚ್ಚಿ, ಕಜಾನ್‌ನ ವಿಶೇಷ ಮಾನಸಿಕ ಆಸ್ಪತ್ರೆಗೆ ಕಳಿಸಿದರು. ಬಿಡುಗಡೆಯಾದದ್ದು 1972ರಲ್ಲಿ. ಇಂಥ ಪ್ರಕರಣಗಳ ಬಗ್ಗೆ ಜಗತ್ತಿನ ವೈದ್ಯರು ದನಿಯೆತ್ತಿದಾಗ, 1983ರಲ್ಲಿ ಸೋವಿಯತ್ ಮನೋವೈದ್ಯರ ಸಂಘ ವಿಶ್ವ ಸಂಘದಿಂದಲೇ ಹೊರನಡೆಯಿತು.

ದುರುದ್ದೇಶವಿಲ್ಲದ ಕಡೆಯಲ್ಲೂ ಪದದ ಗಡಿ ಗಟ್ಟಿಯಾಗಿರಲಿಲ್ಲ. 1972ರಲ್ಲಿ ಪ್ರಕಟವಾದ ಅಧ್ಯಯನವೊಂದು ನ್ಯೂಯಾರ್ಕ್ ಮತ್ತು ಲಂಡನ್ನಿನ ಮನೋವೈದ್ಯರನ್ನು ಹೋಲಿಸಿ ನೋಡಿತು. ಒಂದೇ ಬಗೆಯ ರೋಗಿಗಳನ್ನು ನ್ಯೂಯಾರ್ಕಿನವರು ಹೆಚ್ಚಾಗಿ ಸ್ಕಿಜೋಫ್ರೇನಿಯಾ ಎನ್ನುತ್ತಿದ್ದರು. ಲಂಡನ್ನಿನವರು ಅವರಲ್ಲಿ ಅನೇಕರನ್ನು ಖಿನ್ನತೆ ಅಥವಾ ಉನ್ಮಾದದ ಗುಂಪಿಗೆ ಸೇರಿಸುತ್ತಿದ್ದರು. ಇಬ್ಬರಿಗೂ ಒಂದೇ ಅಳತೆಗೋಲು ಕೊಟ್ಟಾಗ ವ್ಯತ್ಯಾಸದ ಬಹುಪಾಲು ಮಾಯವಾಯಿತು. ಅಂದರೆ ಬದಲಾಗುತ್ತಿದ್ದದ್ದು ರೋಗವಲ್ಲ, ಹೆಸರಿನ ಬಳಕೆ. ಅದೇ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ 1202 ರೋಗಿಗಳ ಅಧ್ಯಯನ ನಡೆಸಿತು. ನಮ್ಮ ದೇಶದ ಕೇಂದ್ರ ಆಗ್ರಾ. ವರ್ಷಗಳ ಮೇಲೆ ಮತ್ತೆ ನೋಡಿದಾಗ ಆಗ್ರಾ ಮತ್ತು ನೈಜೀರಿಯಾದ ಇಬಡಾನ್‌ನ ರೋಗಿಗಳು ಶ್ರೀಮಂತ ದೇಶಗಳ ರೋಗಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಇದರ ಕಾರಣಗಳ ಬಗ್ಗೆ ವಾದ ಇನ್ನೂ ನಿಂತಿಲ್ಲ. ಆದರೆ ಒಂದು ಮಾತು ಸ್ಪಷ್ಟವಾಯಿತು: ‘ಬುದ್ಧಿನಾಶ’ವೇ ಇದರ ಕೊನೆ ಎಂದ ಹಳೆಯ ಹೆಸರು ಸುಳ್ಳು, ಬ್ಲಾಯ್ಲರ್ ಕಂಡದ್ದು ಸರಿ.

ನಮ್ಮ ದೇಶದಲ್ಲಿ ಈ ಪದ ಕಾನೂನಿನ ಪುಸ್ತಕಕ್ಕೂ ಬಂತು. 1976ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಆಧಾರವಾಗುವ ‘ಮಾನಸಿಕ ಅಸ್ವಸ್ಥತೆ’ಯನ್ನು ವಿವರಿಸುವಾಗ ಸ್ಕಿಜೋಫ್ರೇನಿಯಾವನ್ನು ಹೆಸರಿಟ್ಟು ಸೇರಿಸಲಾಗಿದೆ. ಹೆಸರು ಕಾಯ್ದೆಯಲ್ಲೇ ಇರುವಾಗ ವೈದ್ಯರ ಒಂದು ಚೀಟಿ ತಂದರೆ ಸಾಕು, ಮದುವೆ ಮುರಿಯಬಹುದು ಎಂದು ಭಾವಿಸುವುದು ಸುಲಭ. 1988ರಲ್ಲಿ ಇಂಥ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಹೆಂಡತಿಗೆ ಸ್ಕಿಜೋಫ್ರೇನಿಯಾ ಇದೆ, ವಿಚ್ಛೇದನ ಕೊಡಿ ಎನ್ನುವುದು ಗಂಡನ ಕೋರಿಕೆ. ಪೀಠದ ಪರವಾಗಿ ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ರೋಗದ ಹೆಸರು ಹಚ್ಚಿದ ಮಾತ್ರಕ್ಕೆ ಸಾಲದು. ಕಾಯಿಲೆ ಎಷ್ಟು ತೀವ್ರ, ಒಟ್ಟಿಗೆ ಬಾಳುವುದು ನಿಜಕ್ಕೂ ಅಸಾಧ್ಯವೇ ಎಂಬುದನ್ನು ಸಾಬೀತುಪಡಿಸಬೇಕು ಎಂಬುದು ಆ ತೀರ್ಪಿನ ತಿರುಳು. ಗಂಡನ ಮೇಲ್ಮನವಿ ವಜಾ ಆಯಿತು. ಒಬ್ಬ ಹೆಣ್ಣುಮಗಳನ್ನು ಒಂದು ಪದದ ಭಾರದಿಂದ ಕಾಪಾಡಿದ ತೀರ್ಪು ಅದು.

ಈ ತೀರ್ಪಿಗೆ ಯಾರೂ ಊಹಿಸದ ಇನ್ನೊಂದು ಬದುಕು ಕಾದಿತ್ತು. 2016ರಲ್ಲಿ ಪಾಕಿಸ್ತಾನದ ಸುಪ್ರೀಂ ಕೋರ್ಟಿನ ಮುಂದೆ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ಪರವಾದ ಅರ್ಜಿ ಇತ್ತು. ಅವನಿಗೆ ತೀವ್ರ ಸ್ಕಿಜೋಫ್ರೇನಿಯಾ ಇದೆ, ಗಲ್ಲಿಗೇರಿಸಬಾರದು ಎನ್ನುವುದು ಕೋರಿಕೆ. ನ್ಯಾಯಾಲಯ ನಿಘಂಟಿನ ಅರ್ಥಗಳನ್ನು ನೋಡಿತು, ಭಾರತದ 1988ರ ತೀರ್ಪನ್ನೂ ಆಧಾರವಾಗಿ ತೆಗೆದುಕೊಂಡಿತು. ಸ್ಕಿಜೋಫ್ರೇನಿಯಾ ಶಾಶ್ವತವಾದ ಅಸ್ವಸ್ಥತೆಯಲ್ಲ, ಏರಿಳಿಯುವಂಥದ್ದು. ಆದ್ದರಿಂದ ಅದು ಕಾನೂನು ಹೇಳುವ ‘ಮಾನಸಿಕ ಅಸ್ವಸ್ಥತೆ’ಯೊಳಗೆ ಬರುವುದಿಲ್ಲ ಎಂದು ಅರ್ಜಿಯನ್ನು ತಳ್ಳಿಹಾಕಿತು. ಒಂದು ಕಡೆ ಮದುವೆ ಉಳಿಸಿದ ಮಾತು ಇನ್ನೊಂದು ಕಡೆ ಒಬ್ಬನ ಕೊರಳಿಗೆ ಹಗ್ಗವಾಗಲಿತ್ತು. ಜಗತ್ತಿನಾದ್ಯಂತ ವೈದ್ಯರು, ವಕೀಲರು ಪ್ರತಿಭಟಿಸಿದರು. ಕೊನೆಗೆ 2021ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಆ ಕೈದಿಯ ಮರಣದಂಡನೆಯನ್ನು ರದ್ದುಪಡಿಸಿ ಜೀವಾವಧಿಗೆ ಇಳಿಸಿತು. ಬೇನೆ ಎಷ್ಟಿದೆ ಎಂದು ಮನುಷ್ಯನನ್ನು ನೋಡಿ ಎಂದಿದ್ದರು ವೆಂಕಟಾಚಲಯ್ಯ. ಗಡಿಯಾಚೆ ನೋಡಿದ್ದು ಪದವನ್ನು.

ಇಷ್ಟೆಲ್ಲ ಹೊತ್ತ ಹೆಸರನ್ನು ಬದಲಿಸಿದರೇನು? ಜಪಾನಿನಲ್ಲಿ ಈ ಪ್ರಶ್ನೆ ಎತ್ತಿದವರು ರೋಗಿಗಳ ಮನೆಯವರು. ಅಲ್ಲಿ 1937ರಿಂದ ಬಳಕೆಯಲ್ಲಿದ್ದ ಪದದ ಅರ್ಥ ‘ಮನಸ್ಸು ಸೀಳಿದ ರೋಗ’. ಆ ಹೆಸರನ್ನು ರೋಗಿಯ ಮುಂದೆ ಉಚ್ಚರಿಸಲು ವೈದ್ಯರೇ ಹಿಂಜರಿಯುತ್ತಿದ್ದರು. ಕುಟುಂಬಗಳ ಒಕ್ಕೂಟ 1993ರಲ್ಲಿ ಮನವಿ ಕೊಟ್ಟಿತು. 2002ರಲ್ಲಿ ಹೆಸರು ‘ಸಂಯೋಜನೆ ತಪ್ಪಿದ ಸ್ಥಿತಿ’ ಎಂಬರ್ಥದ ಪದಕ್ಕೆ ಬದಲಾಯಿತು. ತಮ್ಮ ಕಾಯಿಲೆಯ ಹೆಸರನ್ನು ವೈದ್ಯರ ಬಾಯಿಂದಲೇ ಕೇಳಿ ತಿಳಿದ ರೋಗಿಗಳ ಪ್ರಮಾಣ ಮುಂದಿನ ಎರಡು ಮೂರು ವರ್ಷಗಳಲ್ಲಿ ಶೇ. 36.7ರಿಂದ ಶೇ. 69.7ಕ್ಕೆ ಏರಿತು. ದಕ್ಷಿಣ ಕೊರಿಯಾ 2011ರಲ್ಲಿ ಆರಿಸಿಕೊಂಡ ಪದ ಇನ್ನೂ ಸೊಗಸಾದದ್ದು: ತಂತಿವಾದ್ಯದ ಶ್ರುತಿ ಕೂಡಿಸುವುದು ಎಂಬರ್ಥದ ಮಾತಿನಿಂದ ಅದು ಬಂದಿದೆ. ಶ್ರುತಿ ತಪ್ಪಿದ ವೀಣೆಯನ್ನು ಯಾರೂ ಎಸೆಯುವುದಿಲ್ಲ, ಬಿರಡೆ ತಿರುಗಿಸಿ ಮತ್ತೆ ಕೂಡಿಸುತ್ತಾರೆ. ಹಾಗೆಂದು ಹೊಸ ಹೆಸರಿನಿಂದ ಎಲ್ಲವೂ ತೊಳೆದುಹೋಗಲಿಲ್ಲ. ಅಪರಾಧ ಸುದ್ದಿಗಳ ತಲೆಬರಹಗಳಲ್ಲಿ ಕೊರಿಯಾದ ಆ ಸೊಗಸಾದ ಪದವೂ ಕಾಣಿಸಿಕೊಂಡಿತು.

ಹೆಸರು ಬದಲಾದರೂ ಹಂಗಿಸುವವರ ನಾಲಗೆ ಬದಲಾಗದಿರುವುದು ನಮಗೆ ಹೊಸದಲ್ಲ. ಬೆಂಗಳೂರಿನ ‘ಲ್ಯೂನಟಿಕ್ ಅಸೈಲಂ’ 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಆಯಿತು. ಆಮೇಲೆ ‘ಮೆಂಟಲ್’ ಎಂಬುದೇ ಬೈಗುಳವಾಯಿತು. 1974ರಲ್ಲಿ ನಿಮ್ಹಾನ್ಸ್ ಆಯಿತು; ಈಗ ‘ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದು ನಗುವವರಿದ್ದಾರೆ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಅವಳದು ಬಾಣಂತನದ ನಂತರ ಬಂದ ಬೇನೆ. ಅವಳನ್ನು ಮತ್ತೆ ಕೆಡವುವುದು ಮಾತ್ರ ಬೇನೆಯಲ್ಲ, ಸುತ್ತಲಿನವರ ನೋಟ ಮತ್ತು ಮಾತು. ಕನ್ನಡ ಓದುಗರಿಗೆ ಈ ಪಾಠ ಹೊಸದಾಗಿ ಆಗಬೇಕಾಗಿಲ್ಲ.

ಕನ್ನಡದಲ್ಲಿ ‘ಹುಚ್ಚು’ ಎಂಬುದು ಒಂದು ಕಾಲಕ್ಕೆ ಬರಿಯ ಬೈಗುಳವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಹುಚ್ಚಪ್ಪ, ಹುಚ್ಚಮ್ಮ, ಹುಚ್ಚಯ್ಯ ಎಂದು ಮಕ್ಕಳಿಗೆ ಹೆಸರಿಟ್ಟ ನಾಡು ಇದು. ಮರುಳಸಿದ್ಧ, ಮರುಳಶಂಕರದೇವ ಎಂಬ ಹೆಸರುಗಳಿಗೆ ಕೈಮುಗಿದವರು ನಾವು. ಹೊಲದಲ್ಲಿ ಹುಚ್ಚೆಳ್ಳು ಬೆಳೆದೆವು, ಮಳೆಗಾಲದಲ್ಲಿ ಹುಚ್ಚುಹೊಳೆ ಕಂಡೆವು. ಇದರಿಂದ ಹಳೆಯ ಕಾಲದಲ್ಲಿ ರೋಗಿಗಳು ಸುಖವಾಗಿದ್ದರೆಂದು ಅರ್ಥವಲ್ಲ. ಸರಪಳಿಯೂ ಇತ್ತು, ಗಾಳಿ ಬಿಡಿಸುವ ಬೇವಿನ ಬರಲೂ ಇತ್ತು. ಆದರೆ ಆ ಪದದಲ್ಲಿ ಮನುಷ್ಯ ಓಡಾಡಲು ಜಾಗವಿತ್ತು. ವೈದ್ಯಕೀಯ ಪದಕ್ಕೆ ಕನ್ನಡ ರೂಪ ಕೊಡುವಾಗ ನಾವೂ ಗ್ರೀಕಿನ ಸೀಳನ್ನೇ ಹಿಂಬಾಲಿಸಿದೆವು: ಛಿದ್ರಮನಸ್ಕತೆ, ಇಚ್ಚಿತ್ತ ವಿಕಲತೆ. ಜನರಿಗೆ ತಿಳಿಯುವ ನುಡಿಯಲ್ಲಿ ಮನೋವೈದ್ಯಕೀಯ ಬರೆಯಬೇಕೆಂಬ ಕಾಳಜಿಯ ಫಲ ಅವು, ಗೌರವಕ್ಕೆ ಅರ್ಹ. ಆದರೂ ‘ಇಚ್ಚಿತ್ತ’ ಎಂದೊಡನೆ ಎರಡು ಚಿತ್ತ ಎಂಬ ಅದೇ ಹಳೆಯ ತಪ್ಪು ಒಳಗೆ ನುಸುಳುತ್ತದೆ.

ಹೊಸ ಪದ ಬೇಕೋ ಬೇಡವೋ ಎಂಬುದನ್ನು ವೈದ್ಯರು, ರೋಗಿಗಳು, ಅವರ ಮನೆಯವರು ತೀರ್ಮಾನಿಸಲಿ. ಬರೆಯುವವರು, ಓದುವವರು ಅದಕ್ಕಾಗಿ ಕಾಯಬೇಕಾಗಿಲ್ಲ. ‘ಸ್ಕಿಜೋಫ್ರೇನಿಕ್ ಸಂಸ್ಕೃತಿ’ ಎಂದು ಬರೆಯಲು ಲೇಖನಿ ಎತ್ತಿದಾಗ ಒಂದು ಕ್ಷಣ ನಿಂತು, ಆ ಸಾಲನ್ನು ಓದುವವರಲ್ಲಿ ದಿನಾ ರಾತ್ರಿ ಮಾತ್ರೆ ನುಂಗಿ ಬೆಳಿಗ್ಗೆ ಕಾಲೇಜಿಗೆ ಬರುವ ಒಬ್ಬಳು ಇರಬಹುದು ಎಂದು ನೆನೆದರೆ ಸಾಕು. ಅವಳು ಇಬ್ಬರಲ್ಲ, ಒಬ್ಬಳೇ. ತನ್ನ ಯೋಚನೆಯ ಎಳೆಗಳನ್ನು ಒಟ್ಟಿಗೆ ಹಿಡಿದಿಡಲು ನಮ್ಮೆಲ್ಲರಿಗಿಂತ ಹೆಚ್ಚು ಶ್ರಮಪಡುತ್ತಿರುವ ಒಬ್ಬಳು. ನಾವು ಹೇಳಹೊರಟದ್ದು ಇಬ್ಬಂದಿತನವಾದರೆ ಇಬ್ಬಂದಿತನ ಎಂದೇ ಬರೆಯೋಣ.